ಕೈತೊಟ್ಟಿಯೋ, ಪ್ರೊಸೆಸರೋ, ಸಿ.ಆರ್. ವ್ಯವಸ್ಥೆಯೋ? ಎಕ್ಸ್‌ರೇ ಫಿಲ್ಮಿನ ಹುಸಿ ಗುರುತುಗಳನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗವನ್ನು ಹೊಸದಾಗಿ ತೆರೆಯುವವರು, ಅಥವಾ ಹಳೆಯ ವ್ಯವಸ್ಥೆಯನ್ನು ಬದಲಿಸಲು ಹೊರಟವರು, ಫಿಲ್ಮನ್ನು ಸಂಸ್ಕರಿಸುವ ವಿಧಾನವನ್ನು ಆರಿಸುವಾಗ ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಮಾತ್ರ ನೋಡುತ್ತಾರೆ: ಯಂತ್ರದ ಬೆಲೆ ಮತ್ತು ದಿನಕ್ಕೆ ಬರುವ ರೋಗಿಗಳ ಸಂಖ್ಯೆ. ಇವೆರಡರಷ್ಟೇ ತೂಕದ ಇನ್ನೊಂದು ಸಂಗತಿ ಹೆಚ್ಚಾಗಿ ಲೆಕ್ಕಕ್ಕೆ ಬರುವುದಿಲ್ಲ. ರೋಗಿಯ ದೇಹದಲ್ಲಿ ಇಲ್ಲದಿದ್ದರೂ ಫಿಲ್ಮಿನ ಮೇಲೆ ಕಾಣಿಸಿಕೊಳ್ಳುವ ಕಲೆ, ಗೆರೆ, ಮಸುಕುಗಳನ್ನು, ಅಂದರೆ ತಂತ್ರಜ್ಞರು ಆರ್ಟಿಫ್ಯಾಕ್ಟ್ ಎಂದು ಕರೆಯುವ ಹುಸಿ ಗುರುತುಗಳನ್ನು, ಪ್ರತಿಯೊಂದು ವಿಧಾನವೂ ತನ್ನದೇ ಬಗೆಯಲ್ಲಿ ಉಂಟುಮಾಡುತ್ತದೆ. ಗುರುತು ದೊಡ್ಡದಾದರೆ ಫಿಲ್ಮನ್ನು ಮತ್ತೊಮ್ಮೆ ತೆಗೆಯಬೇಕಾಗುತ್ತದೆ. ಆಗ ರೋಗಿಗೆ ಇನ್ನೊಂದು ಬಾರಿ ವಿಕಿರಣ ತಗಲುತ್ತದೆ. ಗುರುತು ಸಣ್ಣದಾಗಿದ್ದು ರೋಗದಂತೆಯೇ ಕಂಡರೆ ಅದು ಇನ್ನೂ ಅಪಾಯ, ಏಕೆಂದರೆ ಅದನ್ನು ಯಾರೂ ಅನುಮಾನಿಸುವುದಿಲ್ಲ.

ಈ ಬರಹದಲ್ಲಿ ಮೂರು ಆಯ್ಕೆಗಳನ್ನು ಹೋಲಿಸಲಾಗಿದೆ: ತೊಟ್ಟಿಗಳಲ್ಲಿ ಕೈಯಿಂದಲೇ ತೊಳೆಯುವ ವಿಧಾನ, ರೋಲರುಗಳ ಮೂಲಕ ಫಿಲ್ಮನ್ನು ಸಾಗಿಸುವ ಸ್ವಯಂಚಾಲಿತ ಪ್ರೊಸೆಸರ್, ಮತ್ತು ಫಿಲ್ಮಿನ ಜಾಗದಲ್ಲಿ ಫಾಸ್ಫರ್ ಫಲಕವನ್ನಿಟ್ಟು ಚಿತ್ರವನ್ನು ಕಂಪ್ಯೂಟರಿಗೆ ತಂದು, ಒಣ ಫಿಲ್ಮಿನ ಮೇಲೆ ಮುದ್ರಿಸುವ ಸಿ.ಆರ್. (ಕಂಪ್ಯೂಟೆಡ್ ರೇಡಿಯೋಗ್ರಫಿ) ವ್ಯವಸ್ಥೆ. ಯಾವುದರಲ್ಲಿ ಹುಸಿ ಗುರುತುಗಳು ಕಡಿಮೆ ಎಂದು ಕೇಳಿದರೆ ನಿಜವಾದ ಉತ್ತರ ಸಿಗುವುದಿಲ್ಲ. ತಪ್ಪು ಕಾಣಿಸಿಕೊಂಡ ದಿನವೇ ಅದರ ಮೂಲವನ್ನು ಹಿಡಿದು ಸರಿಪಡಿಸಲು ನಮ್ಮ ಸಿಬ್ಬಂದಿಗೆ, ನಮ್ಮಲ್ಲಿರುವ ನೀರು ಮತ್ತು ವಿದ್ಯುತ್ತಿನ ಸ್ಥಿತಿಯಲ್ಲಿ, ಯಾವ ವಿಧಾನದಲ್ಲಿ ಸಾಧ್ಯ ಎಂದು ಕೇಳಿಕೊಂಡಾಗ ಆಯ್ಕೆ ಸುಲಭವಾಗುತ್ತದೆ.

ಮೊದಲು ಗುರುತಿಸುವ ಕ್ರಮ

ಹುಸಿ ಗುರುತು ಕಂಡೊಡನೆ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಅದು ಸುತ್ತಲಿನ ಭಾಗಕ್ಕಿಂತ ಕಪ್ಪಾಗಿದೆಯೇ, ತಿಳಿಯಾಗಿದೆಯೇ? ಮುಂದಿನ ಫಿಲ್ಮಿನಲ್ಲಿಯೂ ಅದೇ ಜಾಗದಲ್ಲಿ ಮರುಕಳಿಸುತ್ತದೆಯೇ? ಅದಕ್ಕೊಂದು ದಿಕ್ಕು ಇದೆಯೇ?

ಫಿಲ್ಮಿನ ಮೇಲಿರುವ, ಬೆಳಕಿಗೆ ಸ್ಪಂದಿಸುವ ಪದರವಾದ ಎಮಲ್ಷನ್ನಿಗೆ ಬೇಡದ ಬೆಳಕು, ಸ್ಥಿರ ವಿದ್ಯುತ್ತಿನ ಕಿಡಿ ಅಥವಾ ಅವಧಿಗೆ ಮುನ್ನವೇ ಡೆವಲಪರ್ (ಚಿತ್ರವನ್ನು ಮೂಡಿಸುವ ದ್ರಾವಣ) ತಗಲಿದರೆ ಆ ಭಾಗ ಕಪ್ಪಾಗುತ್ತದೆ. ಕಿರಣ ತಗಲಿದಾಗ ಬೆಳಗಿ ಫಿಲ್ಮಿನ ಮೇಲೆ ಚಿತ್ರ ಬೀಳಿಸುವ ಹಾಳೆಯಾದ ಸ್ಕ್ರೀನಿನ ಬೆಳಕಿಗೆ ಧೂಳು ಅಡ್ಡ ಬಂದರೆ, ಡೆವಲಪರ್ ಒಳಹೋಗದಂತೆ ಗಾಳಿಗುಳ್ಳೆ ತಡೆದರೆ, ಅಥವಾ ಡೆವಲಪರಿಗಿಂತ ಮೊದಲೇ ಫಿಕ್ಸರಿನ (ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣದ) ಹನಿ ಬಿದ್ದರೆ ಆ ಭಾಗ ತಿಳಿಯಾಗಿ ಉಳಿಯುತ್ತದೆ. ಉಗುರಿನಾಕಾರದ ಬಾಗು ಗುರುತು ಈ ಬಣ್ಣದ ಪ್ರಶ್ನೆಗೆ ಒಳ್ಳೆಯ ಉದಾಹರಣೆ: ಎಕ್ಸ್‌ಪೋಷರಿಗೆ (ಕಿರಣ ಬೀಳಿಸುವುದಕ್ಕೆ) ಮುನ್ನ ಫಿಲ್ಮು ಮಡಿಚಿಕೊಂಡಿದ್ದರೆ ಆ ಅರ್ಧಚಂದ್ರ ತಿಳಿಯಾಗಿರುತ್ತದೆ, ಎಕ್ಸ್‌ಪೋಷರಾದ ಮೇಲೆ ಮಡಿಚಿಕೊಂಡಿದ್ದರೆ ಕಪ್ಪಾಗಿರುತ್ತದೆ. ಹಾಗಾಗಿ ಫಿಲ್ಮನ್ನು ಬೆಳಕು ನುಗ್ಗದ ಚಪ್ಪಟೆ ಪೆಟ್ಟಿಗೆಯಾದ ಕ್ಯಾಸೆಟ್ಟಿಗೆ ತುಂಬಿದವರನ್ನು ಕೇಳಬೇಕೋ, ಹೊರತೆಗೆದವರನ್ನು ಕೇಳಬೇಕೋ ಎಂಬುದು ಗುರುತಿನ ಬಣ್ಣದಿಂದಲೇ ತಿಳಿಯುತ್ತದೆ.

ಇದರ ಜೊತೆಗೆ, ಫಿಲ್ಮನ್ನು ಹಿಂದಿನಿಂದ ಬೆಳಕು ಬೀರುವ ವ್ಯೂ ಬಾಕ್ಸಿನಿಂದ ತೆಗೆದು, ಕಿಟಕಿಯ ಬೆಳಕು ಓರೆಯಾಗಿ ಮೇಲ್ಮೈಗೆ ಬೀಳುವಂತೆ ಹಿಡಿದು ಎರಡೂ ಬದಿಗಳನ್ನು ನೋಡಬೇಕು. ಎಕ್ಸ್‌ರೇ ಫಿಲ್ಮಿನ ಎರಡೂ ಬದಿಯಲ್ಲಿ ಎಮಲ್ಷನ್ ಇರುವುದರಿಂದ ಗೀರು, ಒಣಗಿದ ನೀರಿನ ಕಲೆ, ಅಂಟಿದ ಕೊಳೆ ಇವೆಲ್ಲ ಒಂದು ಬದಿಯಲ್ಲಿ ಕಣ್ಣಿಗೆ ಬೀಳುತ್ತವೆ. ಮೇಲ್ಮೈ ಎರಡೂ ಕಡೆ ನುಣುಪಾಗಿದ್ದು ಗುರುತು ಮಾತ್ರ ಒಳಗಿದ್ದರೆ ಅದರ ಮೂಲ ಸಂಸ್ಕರಣೆಗಿಂತ ಹಿಂದಿನ ಹಂತದಲ್ಲಿರುವ ಸಂಭವ ಹೆಚ್ಚು. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಮಾಡದೆ ಕೆಮಿಕಲ್ ಬದಲಿಸುವ ಅಭ್ಯಾಸ ಅನೇಕ ಕಡೆ ಇದೆ. ಅದು ಹಣದ ದಂಡ.

ಯಾವ ವಿಧಾನಕ್ಕೂ ಸೇರದ ಗುರುತುಗಳು

ಕೆಲವು ಹುಸಿ ಗುರುತುಗಳು ಯಾವ ಯಂತ್ರವನ್ನು ಕೊಂಡರೂ ಹೋಗುವುದಿಲ್ಲ. ಆದ್ದರಿಂದ ಅವನ್ನು ಹೋಲಿಕೆಯಿಂದ ಹೊರಗಿಡಬೇಕು. ಎದೆಯ ಎಕ್ಸ್‌ರೇಯಲ್ಲಿ ಭುಜದ ಮೇಲೆ ಇಳಿಬಿದ್ದ ದಪ್ಪ ಜಡೆ ಶ್ವಾಸಕೋಶದ ತುದಿಯಲ್ಲಿ ಬಿಳಿ ನೆರಳಾಗಿ ಕಾಣುತ್ತದೆ. ಕ್ಷಯ ರೋಗವು ಹೆಚ್ಚಾಗಿ ಕಾಣಿಸಿಕೊಳ್ಳುವ ಜಾಗವೂ ಅದೇ ಆದ್ದರಿಂದ ಈ ನೆರಳನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ತಾಳಿ, ತಾಯಿತ, ಉಡಿದಾರದ ಲೋಹದ ಗುಂಡು, ರವಿಕೆಯ ಹುಕ್ಕು ಇವು ಚೂಪಾದ ಅಂಚಿನ ಬಿಳಿ ಆಕಾರಗಳಾದ್ದರಿಂದ ಬೇಗ ಗುರುತು ಸಿಗುತ್ತವೆ. ಮಲಗಿಸಿ ತೆಗೆದ ವೃದ್ಧರ ಎದೆಯ ಚಿತ್ರದಲ್ಲಿ ಬೆನ್ನಿನ ಚರ್ಮದ ಮಡಿಕೆಯೊಂದು ಉದ್ದವಾದ ಅಂಚಾಗಿ ಬಿದ್ದು, ಶ್ವಾಸಕೋಶದ ಹೊರಗೆ ಗಾಳಿ ತುಂಬಿಕೊಂಡಿದೆ ಎಂಬ ಭ್ರಮೆ ಹುಟ್ಟಿಸುವುದುಂಟು. ಆ ಅಂಚಿನ ಆಚೆಗೂ ಶ್ವಾಸಕೋಶದ ರಕ್ತನಾಳಗಳ ಗೆರೆಗಳು ಮುಂದುವರಿದಿದ್ದರೆ ಅದು ಚರ್ಮದ ಮಡಿಕೆಯೆಂದು ಅನುಮಾನಿಸಬಹುದು. ತಾಳಿಯನ್ನು ತೆಗೆಯಲು ಒಪ್ಪದವರಿಗೆ ಅದನ್ನು ಬಾಯಲ್ಲಿ ಕಚ್ಚಿಕೊಳ್ಳುವಂತೆಯೋ ಬೆನ್ನಿನ ಕಡೆಗೆ ಹಾಕಿಕೊಳ್ಳುವಂತೆಯೋ ಹೇಳುವ ರೂಢಿಯಿದೆ. ಬೆನ್ನಿಗೆ ಹಾಕಿಕೊಂಡರೂ ಕಿರಣ ಅದರ ಮೂಲಕವೇ ಹಾದುಹೋಗುವುದರಿಂದ ಎದೆಯ ಚಿತ್ರದ ಮಟ್ಟಿಗೆ ಆ ಉಪಾಯದಿಂದ ಪ್ರಯೋಜನವಿಲ್ಲ.

ಕ್ಯಾಸೆಟ್ಟಿನ ದೋಷಗಳು ಮೊದಲ ಎರಡು ವಿಧಾನಗಳಿಗೆ ಸಮಾನ. ಸ್ಕ್ರೀನಿನ ಮೇಲೆ ಕುಳಿತ ಧೂಳಿನ ಕಣ ಅಥವಾ ಕೂದಲೆಳೆ ಆ ಕ್ಯಾಸೆಟ್ಟಿನಿಂದ ಬಂದ ಪ್ರತಿ ಫಿಲ್ಮಿನಲ್ಲಿಯೂ ಅದೇ ಜಾಗದಲ್ಲಿ ಬಿಳಿ ಚುಕ್ಕೆಯಾಗಿ ಬೀಳುತ್ತದೆ. ಕೈಯ ಎಕ್ಸ್‌ರೇಯಲ್ಲಿ ಅದು ಗಾಜಿನ ಚೂರಿನಂತೆ ಕಂಡರೆ ಗಾಯವನ್ನು ಕೆದಕುವವರೆಗೂ ಹೋಗಬಹುದು. ಸ್ಕ್ರೀನು ಮತ್ತು ಫಿಲ್ಮು ಒಂದಕ್ಕೊಂದು ಸರಿಯಾಗಿ ಒತ್ತಿಕೊಳ್ಳದಿದ್ದರೆ ಚಿತ್ರದ ಒಂದು ಭಾಗ ಮಾತ್ರ ಮಸುಕಾಗುತ್ತದೆ, ಉಳಿದ ಭಾಗ ಸ್ಪಷ್ಟವಾಗಿಯೇ ಇರುತ್ತದೆ. ಕ್ಯಾಸೆಟ್ಟಿನ ಮೇಲೆ ಸಣ್ಣ ಕಣ್ಣಿನ ತಂತಿಜಾಲರಿಯನ್ನಿಟ್ಟು ಎಕ್ಸ್‌ಪೋಷರ್ ಕೊಟ್ಟರೆ ಒತ್ತುವಿಕೆ ತಪ್ಪಿದ ಜಾಗದಲ್ಲಿ ಜಾಲರಿಯ ಗೆರೆಗಳು ಕಲಸಿಕೊಂಡು ಕಪ್ಪಾಗಿ ಕಾಣುತ್ತವೆ. ಪ್ರತಿ ಕ್ಯಾಸೆಟ್ಟಿನ ಸ್ಕ್ರೀನಿನ ಮೂಲೆಯಲ್ಲಿ ಚಿತ್ರದಲ್ಲಿ ಮೂಡುವಂತೆ ಒಂದು ಅಂಕಿ ಬರೆದು, ಅದೇ ಅಂಕಿಯನ್ನು ಕ್ಯಾಸೆಟ್ಟಿನ ಹೊರಮೈಗೂ ಹಾಕಿದರೆ ಇಂಥ ದೋಷವನ್ನು ಹುಡುಕುವ ಕೆಲಸ ಅಲ್ಲಿಗೆ ಮುಗಿಯುತ್ತದೆ. ಖರ್ಚೇ ಇಲ್ಲದ ಈ ಉಪಾಯವನ್ನು ಯಾಕೆ ಎಲ್ಲರೂ ಅನುಸರಿಸುವುದಿಲ್ಲ ಎಂಬುದು ಆಶ್ಚರ್ಯದ ಸಂಗತಿ.

ಕೈತೊಟ್ಟಿ: ಪ್ರತಿ ಫಿಲ್ಮಿಗೂ ಬೇರೆ ಬೇರೆ ತಪ್ಪು

ಕೈಯಿಂದ ಸಂಸ್ಕರಿಸುವಾಗ ಹುಟ್ಟುವ ಗುರುತುಗಳ ಮುಖ್ಯ ಲಕ್ಷಣವೆಂದರೆ ಅವು ಮರುಕಳಿಸುವುದಿಲ್ಲ. ಒಂದು ಫಿಲ್ಮಿನಲ್ಲಿ ಬೆರಳಚ್ಚು, ಇನ್ನೊಂದರಲ್ಲಿ ಗಾಳಿಗುಳ್ಳೆಯ ಚುಕ್ಕೆ, ಮತ್ತೊಂದರಲ್ಲಿ ಪಕ್ಕದ ಫಿಲ್ಮಿಗೆ ಅಂಟಿಕೊಂಡದ್ದರಿಂದ ಆದ ಅರೆಬೆಂದ ತಿಳಿ ಭಾಗ, ಹೀಗೆ. ಬೆರಳಿಗೆ ಡೆವಲಪರ್ ತಗಲಿದ್ದರೆ ಅಚ್ಚು ಕಪ್ಪಾಗಿ ಬರುತ್ತದೆ. ಫಿಕ್ಸರೋ ಎಣ್ಣೆಯ ಜಿಡ್ಡೋ ತಗಲಿದ್ದರೆ ತಿಳಿಯಾಗಿ ಬರುತ್ತದೆ. ಇವುಗಳಲ್ಲಿ ಬಹುಪಾಲು ಕತ್ತಲೆ ಕೋಣೆಯ ಜೋಡಣೆಯಿಂದಲೇ ನಿವಾರಣೆಯಾಗುತ್ತವೆ. ಫಿಲ್ಮು ತುಂಬುವ ಒಣ ಮೇಜು ಒಂದು ಗೋಡೆಗೆ, ತೊಟ್ಟಿಗಳು ಎದುರಿನ ಗೋಡೆಗೆ ಇರಬೇಕು. ಒಂದೇ ಕಡಪಾ ಕಲ್ಲಿನ ಮೇಲೆ ಎರಡೂ ಕೆಲಸ ನಡೆಯುವ ಕೋಣೆಯಲ್ಲಿ ಹನಿಗಲೆಗಳನ್ನು ಎಷ್ಟೇ ಎಚ್ಚರ ವಹಿಸಿದರೂ ತಡೆಯಲಾಗುವುದಿಲ್ಲ.

ಎರಡನೆಯದು ಉಷ್ಣತೆ, ಮತ್ತು ಕೈತೊಟ್ಟಿಯ ವಿಚಾರದಲ್ಲಿ ಅತಿ ಹೆಚ್ಚು ಹಾಳುಮಾಡುವುದೂ ಇದೇ. ಕೈಸಂಸ್ಕರಣೆಯ ರೂಢಿಯ ಅಳತೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ನಿಮಿಷದ ಡೆವಲಪಿಂಗ್. ಉಷ್ಣತೆ ಏರಿದಂತೆ ತಯಾರಕರ ಪಟ್ಟಿಯನ್ನು ನೋಡಿ ಸಮಯವನ್ನು ಕಡಿಮೆ ಮಾಡಬೇಕು. ಡೆವಲಪರಿನಲ್ಲಿರುವ ಹೈಡ್ರೋಕ್ವಿನೋನ್ ಸುಮಾರು 16 ಡಿಗ್ರಿಗಿಂತ ಕೆಳಗೆ ಹೆಚ್ಚುಕಡಿಮೆ ಕೆಲಸ ನಿಲ್ಲಿಸುತ್ತದೆ, ಆದರೆ ನಮ್ಮ ಕಷ್ಟ ಅದಲ್ಲ. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ತಾರಸಿಯ ಸಿಂಟೆಕ್ಸ್ ಟ್ಯಾಂಕಿನಿಂದ ಇಳಿದು ಬರುವ ನೀರು ಕೈಗೇ ಬಿಸಿಯಾಗಿರುತ್ತದೆ. ಅಂಥ ನೀರಿನಲ್ಲಿ ಮಂಜುಗಡ್ಡೆಯಿಂದ ತಣಿಸಿದ ಡೆವಲಪರಿನಿಂದ ತೆಗೆದ ಫಿಲ್ಮನ್ನು ಅದ್ದಿದರೆ ಎಮಲ್ಷನ್ನಿನ ಜಿಲೆಟಿನ್ ಪದರ ಏಕಾಏಕಿ ಉಬ್ಬಿ, ಒಡೆದ ಕೆರೆಯಂಗಳದ ಮಣ್ಣಿನಂತೆ ಸಣ್ಣ ಬಿರುಕುಗಳ ಜಾಲ ಮೂಡುತ್ತದೆ. ಡೆವಲಪರ್ ಒಂದನ್ನೇ ತಣಿಸಿದರೆ ಸಾಲದು. ತೊಳೆಯುವ ನೀರು ಮತ್ತು ಫಿಕ್ಸರ್ ಕೂಡ ಅದರ ಹತ್ತಿರದ ಉಷ್ಣತೆಯಲ್ಲಿರಬೇಕು. ಮಂಜುಗಡ್ಡೆಯನ್ನು ನೇರವಾಗಿ ಡೆವಲಪರಿಗೆ ಹಾಕಿದರೆ ದ್ರಾವಣ ತೆಳುವಾಗುತ್ತದೆ, ಆದ್ದರಿಂದ ಅದನ್ನು ತೊಟ್ಟಿಯ ಸುತ್ತಲಿನ ನೀರಿಗೇ ಹಾಕಬೇಕು.

ಮೂರನೆಯದು ಆತುರ. ರೋಗಿ ಹೊರಗೆ ಕಾಯುತ್ತಿದ್ದಾನೆಂದು ಫಿಲ್ಮನ್ನು ಫಿಕ್ಸರಿನಿಂದ ಬೇಗ ಎತ್ತಿದರೆ ಅದು ಹಾಲಿನಂತೆ ಮಸುಕಾಗಿ ಉಳಿಯುತ್ತದೆ. ಫಿಲ್ಮು ಪಾರದರ್ಶಕವಾಗಲು ಹಿಡಿದ ಸಮಯದ ಎರಡರಷ್ಟಾದರೂ ಅದು ಫಿಕ್ಸರಿನಲ್ಲಿರಬೇಕು. ಆಮೇಲೆ ಹರಿಯುವ ನೀರಿನಲ್ಲಿ ಸುಮಾರು 20 ನಿಮಿಷ ತೊಳೆಯದಿದ್ದರೆ ಉಳಿದುಕೊಂಡ ಥಯೋಸಲ್ಫೇಟ್ (ಫಿಕ್ಸರಿನ ರಾಸಾಯನಿಕ) ತಿಂಗಳುಗಳ ನಂತರ ಹಳದಿ ಕಂದು ಕಲೆಯಾಗಿ ಮೇಲೇಳುತ್ತದೆ. ಈ ತಪ್ಪು ಮಾಡಿದ ದಿನ ಏನೂ ಕಾಣುವುದಿಲ್ಲ. ಮೊಕದ್ದಮೆಗೆ ಸಂಬಂಧಿಸಿದ ಫಿಲ್ಮುಗಳನ್ನು ವರ್ಷಗಟ್ಟಲೆ ಇಡಬೇಕಾದ ಆಸ್ಪತ್ರೆಗಳು ಈ ಒಂದು ಅಂಶವನ್ನು ಗಂಭೀರವಾಗಿ ಪರಿಗಣಿಸಬೇಕು. ಕೊಳವೆಬಾವಿಯ ಗಡಸು ನೀರಿರುವ ಊರುಗಳಲ್ಲಿ ಒಣಗಿದ ಹನಿಗಳ ಬಿಳಿ ಉಂಗುರಗಳೂ ಸೇರಿಕೊಳ್ಳುತ್ತವೆ. ಕೊನೆಯ ಒಂದು ಅದ್ದುವಿಕೆಯನ್ನು ಶುದ್ಧೀಕರಿಸಿದ ನೀರಿನಲ್ಲಿ ಮಾಡಿದರೆ ಅವು ಬಹುಮಟ್ಟಿಗೆ ಇಲ್ಲವಾಗುತ್ತವೆ.

ಫಿಲ್ಮನ್ನು ತೊಟ್ಟಿಯಲ್ಲಿ ಇಳಿಬಿಡುವ ಹ್ಯಾಂಗರಿನ ಆಯ್ಕೆಯೂ ಇಲ್ಲಿಯೇ ಬರುತ್ತದೆ. ಅಂಚುಗಳನ್ನು ತೋಡಿನೊಳಗೆ ಸೇರಿಸುವ ಚಾನೆಲ್ ಹ್ಯಾಂಗರುಗಳು ಫಿಕ್ಸರನ್ನು ತಮ್ಮ ಮಡಿಕೆಯಲ್ಲಿ ಹಿಡಿದಿಟ್ಟುಕೊಂಡು ಮುಂದಿನ ಫಿಲ್ಮಿನ ಅಂಚಿಗೆ ಬಿಡುತ್ತವೆ, ಡೆವಲಪರನ್ನೂ ಕೆಡಿಸುತ್ತವೆ. ನಾಲ್ಕು ಮೂಲೆಗೆ ಕ್ಲಿಪ್ಪಿರುವ ಹ್ಯಾಂಗರು ಮೂಲೆಗಳಲ್ಲಿ ಸಣ್ಣ ತೂತು ಮಾಡಿದರೂ ಅದೇ ಮೇಲು.

ಪ್ರೊಸೆಸರ್: ಪ್ರತಿ ಫಿಲ್ಮಿಗೂ ಅದೇ ತಪ್ಪು

ಸ್ವಯಂಚಾಲಿತ ಪ್ರೊಸೆಸರ್ ಡೆವಲಪರನ್ನು ಸುಮಾರು 33ರಿಂದ 35 ಡಿಗ್ರಿಯಲ್ಲಿಟ್ಟು, ಒಣಗಿದ ಫಿಲ್ಮನ್ನು 90 ಸೆಕೆಂಡುಗಳಲ್ಲಿ ಹೊರಗೆ ಕೊಡಬಲ್ಲದು. ಬೆರಳಚ್ಚು, ಗಾಳಿಗುಳ್ಳೆ, ಅಂಟಿಕೊಂಡ ಫಿಲ್ಮು, ಕಡಿಮೆ ತೊಳೆದ ಕಲೆ ಇವೆಲ್ಲವೂ ಬಹುತೇಕ ಮಾಯವಾಗುತ್ತವೆ. ಅವುಗಳ ಜಾಗಕ್ಕೆ ಯಂತ್ರದ ಗುರುತುಗಳು ಬರುತ್ತವೆ, ಮತ್ತು ಅವುಗಳಿಗೆ ಖಚಿತವಾದ ದಿಕ್ಕು ಇರುತ್ತದೆ. ಫಿಲ್ಮು ಸಾಗುವ ದಿಕ್ಕಿಗೆ ಸಮಾನಾಂತರವಾಗಿ, ಸಮ ಅಂತರದಲ್ಲಿ ಬಿದ್ದ ತೆಳು ಗೆರೆಗಳು ಫಿಲ್ಮನ್ನು ತಿರುಗಿಸುವ ಗೈಡುಗಳು ಜಾಗ ತಪ್ಪಿ ಕೆರೆಯುತ್ತಿರುವುದರ ಸೂಚನೆ. ಸಾಗುವ ದಿಕ್ಕಿಗೆ ಅಡ್ಡಲಾಗಿ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರುವ ಪಟ್ಟಿ ರೋಲರಿನ ಮೇಲೆ ಕೊಳೆ ಕೂತಿರುವುದರ ಸೂಚನೆ. ಆ ಅಂತರವನ್ನು ಅಳೆದು 3.14ರಿಂದ ಭಾಗಿಸಿದರೆ ರೋಲರಿನ ವ್ಯಾಸ ಸಿಗುತ್ತದೆ. ಒಂದು ಅಂಗುಲ ವ್ಯಾಸದ ರೋಲರಾದರೆ ಪಟ್ಟಿಗಳು ಸುಮಾರು 80 ಮಿಲಿಮೀಟರಿಗೊಮ್ಮೆ ಬೀಳುತ್ತವೆ. ಯಂತ್ರದಲ್ಲಿ ಬೇರೆ ಬೇರೆ ಗಾತ್ರದ ರೋಲರುಗಳಿದ್ದಲ್ಲಿ ಯಾವುದನ್ನು ಬಿಚ್ಚಿ ಒರೆಸಬೇಕು ಎಂಬುದನ್ನು ಒಂದು ಅಳತೆಪಟ್ಟಿಯೇ ಹೇಳಿಬಿಡುತ್ತದೆ. ಕೈತೊಟ್ಟಿಯಲ್ಲಿ ಇಂಥ ಗಣಿತಕ್ಕೆ ಅವಕಾಶವೇ ಇಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ಪ್ರೊಸೆಸರಿನ ನಿಜವಾದ ಲಾಭ ಅದರ ವೇಗಕ್ಕಿಂತ ಈ ಶಿಸ್ತಿನಲ್ಲಿದೆ.

ಆದರೆ ಯಂತ್ರ ಕೆಟ್ಟರೆ ಆ ದಿನದ ಎಲ್ಲ ಫಿಲ್ಮುಗಳೂ ಕೆಡುತ್ತವೆ. ಹೊಸ ಡೆವಲಪರ್ ತುಂಬಿದಾಗ ಅದರ ತೀವ್ರತೆಯನ್ನು ತಗ್ಗಿಸುವ ಸ್ಟಾರ್ಟರ್ ದ್ರಾವಣ ಹಾಕಲು ಮರೆತರೆ ಮೊದಲ ಫಿಲ್ಮುಗಳು ಅತಿಯಾಗಿ ಕಪ್ಪಾಗಿ, ಮಬ್ಬಾಗಿ ಬರುತ್ತವೆ. ರೋಲರುಗಳ ಚೌಕಟ್ಟಾದ ರ‍್ಯಾಕನ್ನು ಎತ್ತಿಡುವಾಗ ಫಿಕ್ಸರಿನ ಹನಿಗಳು ಡೆವಲಪರಿಗೆ ಬಿದ್ದರೆ ಇಡೀ ತೊಟ್ಟಿಯೇ ಹಾಳು, ಫಿಲ್ಮಿನ ಮೇಲೆ ಹಳದಿ ಹಸಿರು ಛಾಯೆ ಕಾಣಿಸುತ್ತದೆ. ರಾತ್ರಿ ಮುಚ್ಚಳವನ್ನು ಪೂರ್ತಿ ಮುಚ್ಚಿದರೆ ಆವಿ ಮೇಲಿನ ರೋಲರುಗಳ ಮೇಲೆ ಹನಿಗಟ್ಟಿ ಬೆಳಗಿನ ಮೊದಲ ಫಿಲ್ಮುಗಳಲ್ಲಿ ಕಲೆ ಬಿಡುತ್ತದೆ. ಮುಚ್ಚಳವನ್ನು ಸ್ವಲ್ಪ ಓರೆಯಾಗಿ ತೆರೆದಿಟ್ಟು, ಮೇಲಿನ ರೋಲರುಗಳನ್ನು ದಿನವೂ ತೊಳೆದು, ಬೆಳಿಗ್ಗೆ ಮೊದಲು ಒಂದು ಹಳೆಯ ಫಿಲ್ಮನ್ನು ಓಡಿಸಿ ಯಂತ್ರವನ್ನು ಒರೆಸಿಕೊಳ್ಳುವುದು ಕಡ್ಡಾಯ. ವಿದ್ಯುತ್ ಹೋದಾಗ ಒಳಗಿದ್ದ ಫಿಲ್ಮು ಅಲ್ಲಿಯೇ ನಿಂತು ಅಡ್ಡಪಟ್ಟಿಗಳೊಂದಿಗೆ ಹೊರಬರುತ್ತದೆ ಅಥವಾ ಹೊರಗೆ ಬರುವುದೇ ಇಲ್ಲ. ಆದ್ದರಿಂದ ಯುಪಿಎಸ್ ಅಥವಾ ಜನರೇಟರ್ ಇಲ್ಲದ ಕಡೆ ಪ್ರೊಸೆಸರಿನ ಮಾತೇ ಬೇಡ.

ಕೆಲಸ ಕಡಿಮೆ ಇರುವ ಕಡೆ ಇನ್ನೊಂದು ತೊಡಕಿದೆ. ಪ್ರೊಸೆಸರಿನ ಡೆವಲಪರ್ ಪ್ರತಿ ಫಿಲ್ಮಿನ ಜೊತೆ ಸ್ವಲ್ಪ ಸ್ವಲ್ಪವಾಗಿ ಮರುಪೂರಣಗೊಳ್ಳುವಂತೆ ವಿನ್ಯಾಸಗೊಂಡಿರುತ್ತದೆ. ದಿನಕ್ಕೆ ಬೆರಳೆಣಿಕೆಯ ಫಿಲ್ಮುಗಳಷ್ಟೇ ಓಡಿದರೆ ಬಿಸಿಯಾಗಿ ನಿಂತ ಡೆವಲಪರ್ ಗಾಳಿಯೊಡನೆ ಸೇರಿ ಕಂದುಬಣ್ಣಕ್ಕೆ ತಿರುಗಿ ಸತ್ವ ಕಳೆದುಕೊಳ್ಳುತ್ತದೆ. ಆಗ ಚಿತ್ರಗಳು ದಿನದಿಂದ ದಿನಕ್ಕೆ ಬಿಳಿಚಿಕೊಳ್ಳುತ್ತಾ ಹೋಗುತ್ತವೆ, ಅದನ್ನು ಸರಿದೂಗಿಸಲು ತಂತ್ರಜ್ಞರು ಎಕ್ಸ್‌ಪೋಷರನ್ನು ಏರಿಸುತ್ತಾ ಹೋಗುತ್ತಾರೆ, ಅದರ ಹೊರೆ ರೋಗಿಯ ಮೇಲೆ ಬೀಳುತ್ತದೆ.

ಕತ್ತಲೆ ಕೋಣೆಯ ಒಂದು ಉಪ-ಆಯ್ಕೆ: ಅಂಬರ್ ದೀಪವೋ, ಕೆಂಪು ದೀಪವೋ

ಮೊದಲ ಎರಡು ವಿಧಾನಗಳಿಗೂ ಕತ್ತಲೆ ಕೋಣೆ ಬೇಕು, ಅಲ್ಲಿ ಫಿಲ್ಮನ್ನು ಕೆಡಿಸದ ಬಣ್ಣದ ಮಂದ ದೀಪವೂ (ಸೇಫ್‌ಲೈಟ್) ಬೇಕು. ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಸ್ಕ್ರೀನು ನೀಲಿ ಬೆಳಕನ್ನು ಸೂಸುತ್ತದೆ, ಅದಕ್ಕೆ ಹೊಂದುವ ಫಿಲ್ಮಿಗೆ ಅಂಬರ್ ಬಣ್ಣದ 6ಬಿ ಫಿಲ್ಟರ್ ಸಾಕು. ಟರ್ಬಿಯಂ ಬೆರೆಸಿದ ಗ್ಯಾಡೊಲಿನಿಯಂ ಆಕ್ಸಿಸಲ್ಫೈಡಿನ ಸ್ಕ್ರೀನು ಸುಮಾರು 545 ನ್ಯಾನೋಮೀಟರಿನ ಹಸಿರು ಬೆಳಕನ್ನು ಸೂಸುತ್ತದೆ. ಹಸಿರಿಗೆ ಸ್ಪಂದಿಸುವ ಅದರ ಫಿಲ್ಮನ್ನು ಅಂಬರ್ ದೀಪದಡಿ ಬಿಚ್ಚಿದರೆ ಇಡೀ ಚಿತ್ರಕ್ಕೆ ಬೂದು ಮಬ್ಬು ಕವಿಯುತ್ತದೆ. ಅದಕ್ಕೆ ಕೆಂಪು ಜಿಬಿಎಕ್ಸ್-2 ಫಿಲ್ಟರೇ ಬೇಕು. ಕೆಂಪು ಫಿಲ್ಟರ್ ಎರಡೂ ಬಗೆಯ ಫಿಲ್ಮಿಗೆ ನಡೆಯುವುದರಿಂದ ಹೊಸದಾಗಿ ಕೊಳ್ಳುವವರು ಅದನ್ನೇ ಕೊಳ್ಳುವುದು ಜಾಣತನ. 15 ವ್ಯಾಟಿನ ಬಲ್ಬು, ಮೇಜಿನಿಂದ ಸುಮಾರು 4 ಅಡಿ ಎತ್ತರ ಎಂಬುದು ವಾಡಿಕೆಯ ಮಿತಿ. ದೇವರ ಮನೆಗೆ ಹಾಕುವ ಕೆಂಪು ಜೀರೋ ಬಲ್ಬು ಕಣ್ಣಿಗೆ ಎಷ್ಟೇ ಕೆಂಪಾಗಿ ಕಂಡರೂ ಅದು ಸೇಫ್‌ಲೈಟ್ ಅಲ್ಲ. ಅನುಮಾನವಿದ್ದರೆ ಅತಿ ಕಡಿಮೆ ಎಕ್ಸ್‌ಪೋಷರ್ ಕೊಟ್ಟ ಫಿಲ್ಮಿನ ಮೇಲೆ ಒಂದು ನಾಣ್ಯವನ್ನಿಟ್ಟು, ಸಾಮಾನ್ಯವಾಗಿ ಫಿಲ್ಮು ಹೊರಗಿರುವಷ್ಟು ಹೊತ್ತು ದೀಪದಡಿ ಬಿಟ್ಟು ತೊಳೆಯಬೇಕು. ನಾಣ್ಯದ ಆಕಾರ ಮೂಡಿದರೆ ದೀಪವೋ ಬಾಗಿಲ ಸಂದೋ ತಪ್ಪಿದೆ ಎಂದರ್ಥ. ಎಕ್ಸ್‌ಪೋಷರ್ ಆದ ಫಿಲ್ಮು ಹೊಸ ಫಿಲ್ಮಿಗಿಂತ ಹೆಚ್ಚು ಸೂಕ್ಷ್ಮವಾದ್ದರಿಂದ ಹೊಸ ಫಿಲ್ಮಿನ ಮೇಲೆ ಮಾಡಿದ ಪರೀಕ್ಷೆಯನ್ನು ನಂಬಬಾರದು.

ಸ್ಥಿರ ವಿದ್ಯುತ್ತಿನ ಗುರುತುಗಳು, ಅಂದರೆ ಎಲೆಯುದುರಿದ ಮರದ ಕೊಂಬೆಗಳಂತೆ ಹರಡಿದ ಕಪ್ಪು ಗೆರೆಗಳು, ಒಳನಾಡಿನಲ್ಲಿ ಜನವರಿಯಿಂದ ಮಾರ್ಚಿಯವರೆಗಿನ ಒಣಹವೆಯಲ್ಲಿ, ಅದರಲ್ಲೂ ಎ.ಸಿ. ಹಾಕಿದ ಕೋಣೆಗಳಲ್ಲಿ ಹೆಚ್ಚು. ಫಿಲ್ಮನ್ನು ಪೆಟ್ಟಿಗೆಯಿಂದ ರಭಸವಾಗಿ ಎಳೆಯದಿರುವುದು, ತೇವಾಂಶವನ್ನು 40ರಿಂದ 60 ಶೇಕಡದೊಳಗೆ ಇಡುವುದು ಇದಕ್ಕೆ ಪರಿಹಾರ. ಕರಾವಳಿಯ ಮಳೆಗಾಲದಲ್ಲಿ ಕಷ್ಟ ಇದರ ತದ್ವಿರುದ್ಧ: ಹಾಳೆಗಳು ಒಂದಕ್ಕೊಂದು ಅಂಟುತ್ತವೆ, ಸ್ಕ್ರೀನಿಗೆ ಬೂಷ್ಟು ಹಿಡಿಯುತ್ತದೆ. ಪೆಟ್ಟಿಗೆಗಳನ್ನು ಎಲ್ಲೆಡೆಯೂ ನಿಲ್ಲಿಸಿಯೇ ಇಡಬೇಕು. ಒಂದರ ಮೇಲೊಂದು ಮಲಗಿಸಿದರೆ ಕೆಳಗಿನ ಫಿಲ್ಮುಗಳಿಗೆ ಒತ್ತಡದ ಕಲೆ ಬೀಳುತ್ತದೆ.

ಸಿ.ಆರ್.: ಕಣ್ಣಿಗೆ ಕಾಣದ ತಪ್ಪು

ಸಿ.ಆರ್. ಬಂದರೆ ಕತ್ತಲೆ ಕೋಣೆ, ಡೆವಲಪರ್, ಫಿಕ್ಸರ್ ಎಲ್ಲವೂ ಹೋಗುತ್ತವೆ, ಅವುಗಳ ಕಲೆಗಳೂ ಹೋಗುತ್ತವೆ. ಉಳಿಯುವುದು ಧೂಳು. ಫಲಕದ ಮೇಲಿನ ಧೂಳು ಬಿಳಿ ಚುಕ್ಕೆಯಾಗುತ್ತದೆ. ಫಲಕದಿಂದ ಚಿತ್ರವನ್ನು ಓದುವ ಯಂತ್ರವಾದ ರೀಡರಿನೊಳಗಿನ ಬೆಳಕುನಾಳದ ಮೇಲೆ ಧೂಳು ಕೂತರೆ ಫಲಕ ಸಾಗುವ ದಿಕ್ಕಿನಲ್ಲಿ ಚಿತ್ರದುದ್ದಕ್ಕೂ ಬಿಳಿ ಗೆರೆ ಬರುತ್ತದೆ, ಮತ್ತು ಯಾವ ಕ್ಯಾಸೆಟ್ಟನ್ನು ಹಾಕಿದರೂ ಅದೇ ಗೆರೆ ಕಾಣಿಸುತ್ತದೆ. ಫಲಕವನ್ನು ಸರಿಯಾಗಿ ಅಳಿಸದಿದ್ದರೆ ಹಿಂದಿನ ರೋಗಿಯ ಮೂಳೆ ಮುಂದಿನ ರೋಗಿಯ ಚಿತ್ರದಲ್ಲಿ ತೆಳುವಾಗಿ ತೋರುತ್ತದೆ. ಬಳಸದೆ ಒಂದು ದಿನಕ್ಕಿಂತ ಹೆಚ್ಚು ಇಟ್ಟ ಫಲಕವನ್ನು ಮತ್ತೊಮ್ಮೆ ಅಳಿಸಿಯೇ ಉಪಯೋಗಿಸಬೇಕು, ಏಕೆಂದರೆ ಅದು ಚದುರಿದ ವಿಕಿರಣಕ್ಕೆ ಫಿಲ್ಮಿಗಿಂತ ಹೆಚ್ಚು ಸ್ಪಂದಿಸುತ್ತದೆ. ಮುದ್ರಿಸಿ ಕೊಟ್ಟ ಒಣ ಫಿಲ್ಮು ಶಾಖಕ್ಕೆ ಕಪ್ಪಾಗುವಂಥದ್ದಾದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಅದನ್ನು ಇಡಬಾರದೆಂದು ರೋಗಿಗೆ ಹೇಳಿ ಕಳಿಸಬೇಕು.

ಇವೆಲ್ಲ ಸುಲಭ. ಕಷ್ಟದ ಸಂಗತಿ ಬೇರೆ. ಫಿಲ್ಮಿನಲ್ಲಿ ಎಕ್ಸ್‌ಪೋಷರ್ ಹೆಚ್ಚಾದರೆ ಚಿತ್ರ ಕಪ್ಪಾಗಿ ತಪ್ಪು ತಾನಾಗಿ ಬಯಲಾಗುತ್ತದೆ. ಸಿ.ಆರ್. ತಂತ್ರಾಂಶ ಚಿತ್ರದ ಕಪ್ಪುಬಿಳುಪನ್ನು ತಾನೇ ಸರಿಹೊಂದಿಸಿಬಿಡುವುದರಿಂದ ಕಡಿಮೆ ಎಕ್ಸ್‌ಪೋಷರ್ ಮರಳು ಚೆಲ್ಲಿದಂಥ ಒರಟುತನವಾಗಿ ಕಾಣುತ್ತದೆ, ಹೆಚ್ಚು ಎಕ್ಸ್‌ಪೋಷರ್ ಕಾಣುವುದೇ ಇಲ್ಲ, ಚಿತ್ರ ಇನ್ನಷ್ಟು ಚೆನ್ನಾಗಿಯೇ ಬರುತ್ತದೆ. ಪ್ರತಿ ಚಿತ್ರದೊಂದಿಗೆ ಯಂತ್ರ ತೋರಿಸುವ ಎಕ್ಸ್‌ಪೋಷರ್ ಸೂಚ್ಯಂಕವನ್ನು (ಫಲಕಕ್ಕೆ ಎಷ್ಟು ಕಿರಣ ಬಿದ್ದಿತೆಂದು ಹೇಳುವ ಸಂಖ್ಯೆಯನ್ನು) ಬರೆದಿಟ್ಟು ವಾರಕ್ಕೊಮ್ಮೆ ನೋಡುವ ಒಬ್ಬರಾದರೂ ಇಲ್ಲದ ವಿಭಾಗಕ್ಕೆ ಸಿ.ಆರ್. ಕೊಡುವುದನ್ನು ನಾನು ಅನುಮೋದಿಸಲಾರೆ.

ಹಾಗಾದರೆ ಯಾವುದನ್ನು ಆರಿಸಬೇಕು

ದಿನಕ್ಕೆ ಹತ್ತು ಹದಿನೈದು ಫಿಲ್ಮಿನ ಒಳಗೆ ಕೆಲಸವಿದ್ದು, ತಣ್ಣನೆಯ ನೀರು ಸಿಗುವ ಊರಾಗಿದ್ದು, ಅನುಭವಿ ತಂತ್ರಜ್ಞರೊಬ್ಬರು ಕಾಯಂ ಆಗಿ ಇದ್ದರೆ ಕೈತೊಟ್ಟಿಯನ್ನು ಹಳೆಯದೆಂದು ಹೀಗಳೆಯಬೇಕಾಗಿಲ್ಲ. ಆದರೆ ತಂತ್ರಜ್ಞರು ಪದೇ ಪದೇ ಬದಲಾಗುವ ಕಡೆ ಅದು ನಡೆಯದು, ಏಕೆಂದರೆ ಅಲ್ಲಿನ ತಪ್ಪುಗಳೆಲ್ಲ ಕೈಗೆ ಸೇರಿದವು. ಕೆಲಸ ಅದಕ್ಕಿಂತ ಸಾಕಷ್ಟು ಹೆಚ್ಚಿದ್ದು, ಪ್ರತಿದಿನ ಅರ್ಧ ಗಂಟೆಯನ್ನು ರೋಲರು ತೊಳೆಯಲು ಕೊಡುವ ಶಿಸ್ತು ಇರುವಲ್ಲಿ, ವಿದ್ಯುತ್ ನಿಲ್ಲದಂತಿರುವಲ್ಲಿ ಪ್ರೊಸೆಸರ್ ಒಪ್ಪುತ್ತದೆ. ನೀರೇ ಸಮಸ್ಯೆಯಾದ ಊರಿನಲ್ಲಿ, ಸೂಚ್ಯಂಕ ನೋಡುವವರು ಇದ್ದಾರೆಂಬ ಷರತ್ತಿನ ಮೇಲೆ, ಸಾಲ ಮಾಡಿಯಾದರೂ ಸಿ.ಆರ್. ಕಡೆಗೆ ಹೋಗುವುದು ಸರಿ. ಮೊದಲ ಎರಡನ್ನು ಆರಿಸಿದವರು ಬಳಸಿದ ಫಿಕ್ಸರನ್ನು ಚರಂಡಿಗೆ ಸುರಿಯದೆ, ಅದರಲ್ಲಿನ ಬೆಳ್ಳಿಯನ್ನು ತೆಗೆಯುವವರಿಗೆ ಕೊಡುವ ಏರ್ಪಾಡನ್ನೂ ಮೊದಲೇ ಮಾಡಿಕೊಳ್ಳಬೇಕು.

ದೊಡ್ಡ ಆಸ್ಪತ್ರೆಗಳು ಡಿಜಿಟಲ್ ವ್ಯವಸ್ಥೆಗೆ ಹೋಗುತ್ತಿರುವುದರಿಂದ ಬಳಸಿದ ಪ್ರೊಸೆಸರುಗಳು ಕಡಿಮೆ ಬೆಲೆಗೆ ಮಾರಾಟಕ್ಕೆ ಬರುತ್ತವೆ. ಅಂಥದ್ದನ್ನು ಕೊಳ್ಳುವ ಮುನ್ನ ರೋಗಿಯಿಲ್ಲದೆ, ಮೇಲೆ ಏನನ್ನೂ ಇಡದೆ, ಫಿಲ್ಮು ತುಂಬಿದ ಕ್ಯಾಸೆಟ್ಟಿಗೆ ಕಡಿಮೆ ಎಕ್ಸ್‌ಪೋಷರ್ ಕೊಟ್ಟು, ಒಂದೇ ಸಮನಾದ ಬೂದುಬಣ್ಣ ಬರುವಂತೆ ಮೂರು ದೊಡ್ಡ ಫಿಲ್ಮುಗಳನ್ನು ತೆಗೆದುಕೊಳ್ಳಬೇಕು. ಒಂದೊಂದರ ಮೂಲೆಗೂ, ಯಾವ ಅಂಚು ಯಂತ್ರಕ್ಕೆ ಮೊದಲು ಹೋಗಬೇಕು ಎಂದು ತಿಳಿಯುವಂತೆ, ಸಣ್ಣ ಕತ್ತರಿಗುರುತು ಹಾಕಿ, ಮೊದಲ ಎರಡನ್ನು ಉದ್ದಕ್ಕೂ ಮೂರನೆಯದನ್ನು ಅಡ್ಡಕ್ಕೂ ಓಡಿಸಬೇಕು. ಫಿಲ್ಮನ್ನು ತಿರುಗಿಸಿದಾಗ ಗುರುತೂ ಅದರ ಜೊತೆ ತಿರುಗಿದರೆ ದೋಷ ಕ್ಯಾಸೆಟ್ಟಿನದು ಅಥವಾ ಎಕ್ಸ್‌ರೇ ಯಂತ್ರದ್ದು; ಫಿಲ್ಮು ಹೇಗೆ ಹೋದರೂ ಗುರುತು ಸಾಗುವ ದಿಕ್ಕಿಗೇ ಅಂಟಿಕೊಂಡಿದ್ದರೆ ದೋಷ ಪ್ರೊಸೆಸರಿನದು. ಅಡ್ಡಪಟ್ಟಿ ಕಂಡಲ್ಲಿ ಅಂತರ ಅಳೆದು, ಆ ರೋಲರನ್ನು ಒರೆಸಿಸಿ ಇನ್ನೊಂದು ಫಿಲ್ಮು ಓಡಿಸಿ ನೋಡಬೇಕು. ಪಟ್ಟಿ ಹೋದರೆ ಅದು ಕೊಳೆ, ಬೆಲೆ ಮಾತಾಡಬಹುದು. ಹೋಗದಿದ್ದರೆ ರೋಲರಿನ ಮೇಲ್ಮೈಯೇ ಸವೆದಿದೆ, ಆ ಮಾದರಿಯ ಬಿಡಿಭಾಗ ಈಗಲೂ ಸಿಗುತ್ತದೆಂದು ಮಾರುವವರು ಬರೆದುಕೊಡದ ಹೊರತು ಆ ಯಂತ್ರವನ್ನು ಬಿಟ್ಟುಬಿಡಬೇಕು.